ಎರಡು ವರ್ಷ ಒಂಬತ್ತು ತಿಂಗಳ ಮಗಳನ್ನ ದೋಣಿ ಹತ್ತಿಸಬಹುದಾ? ಮೇ ತಿಂಗಳ ಹೊನ್ನಾವರ ಪ್ರವಾಸ

ಮಲ್ಲಿಗೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಮೇ ಮೊದಲ ವಾರ ನಾವು ಮನಿ ಮಂದಿ ಎಲ್ಲಾ ಕೂಡಿ ಗೋಕರ್ಣ, ಮುರ್ಡೇಶ್ವರ, ಹೊನ್ನಾವರ ಅಂತ ಐದು ದಿನ ಹೊಂಟೀವಿ. ಅತ್ತಿ, ಮಾವ, ಮೈದುನ, ನೆಗೆಣ್ಣಿ, ಅವರ ಏಳು ವರ್ಷದ ಮಗ, ನಾವಿಬ್ಬರು, ನನ್ನ ಮಗಳು. ಮಗಳಿಗೆ ಈಗ ಎರಡು ವರ್ಷ ಒಂಬತ್ತು ತಿಂಗಳು. ಬಿಸಿಲಿಗಂಜಿ ಏಪ್ರಿಲ್-ಮೇದಾಗ ಆಫೀಸೇ ಮುಂಜಾನಿ ಎಂಟಕ್ಕ ಶುರು ಮಾಡೋ ಊರಾಗ ಹುಟ್ಟಿದ ಕೂಸು. ಅಕಿ ನೋಡಿದ ದೊಡ್ಡ ನೀರು ಅಂದ್ರ ಅಪ್ಪನ ಕೆರಿ ಒಂದೇ, ಅದೂ ದಂಡಿ ಮ್ಯಾಲ ನಿಂತು.

ಹೊನ್ನಾವರದಾಗ ಶರಾವತಿ ಹಿನ್ನೀರಿನ್ಯಾಗ ದೋಣಿ ಅವ, ಉಪ್ಪು ನೀರಿನ್ಯಾಗ ಬೆಳೆಯೋ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವ ಕರ್ಕೊಂಡು ಹೋಗ್ತಾರ ಅಂತ ಮೈದುನ ವಿಡಿಯೋ ತೋರ್ಸ್ಯಾನ. ಎಲ್ಲರೂ ಹೋಗೋಣು ಅಂತಾರ. "ಒಂದು ತಾಸಿನ ಮಾತು, ನಾನು ತೊಡಿ ಮ್ಯಾಲ ಕೂಡಿಸ್ಕೋತೀನಿ" ಅಂತಾರ ನಮ್ಮ ಮನಿಯವರು. ನನ್ನ ಮನಸ್ಸು ಒಪ್ಪವಲ್ದು. ಅಕಿ ಒಂದು ಕಡಿ ಎರಡು ನಿಮಿಷ ಕೂಡಾಕಿ ಅಲ್ಲ. ಬಸ್ಸಿನ್ಯಾಗ ಖಿಡಕಿ ಬಿಟ್ಟು ಸರಿಯಂಗಿಲ್ಲ, ಅರ್ಧ ಮೈ ಹೊರಗ ಹಾಕಾಕ ನೋಡ್ತಾಳ.

ಇಷ್ಟು ಸಣ್ಣ ಕೂಸನ್ನ ದೋಣಿ ಹತ್ತಿಸಿದವರು ಇದ್ರ ಹೇಳ್ರಿ. ಏನು ನೋಡ್ಬೇಕು, ಏನು ಕೇಳ್ಬೇಕು? ಬ್ಯಾಡ ಅನ್ನೋರು ಇದ್ರ ಯಾಕ ಬ್ಯಾಡ ಅಂತನೂ ಹೇಳ್ರಿ. ಬರೇ "ನನಗ ಹೆದರಿಕಿ ಆಗ್ತದ" ಅಂದ್ರ ಮನ್ಯಾಗ ಯಾರೂ ಕೇಳವಲ್ರು.

ತೊಗರಿ ಹೊಲ, ಚಿತ್ತಾಪುರ

ತಂಗಿ, ನನ್ನ ಮಾತು ಸೀದಾ ಅದ. ಬ್ಯಾಡ. ಕೂಸಿಗೆ ಐದಾರು ವರ್ಷ ಆಗ್ಲಿ, ಹೇಳಿದ ಮಾತು ತಿಳಿಯೋ ವಯಸ್ಸು ಬರ್ಲಿ. ಶರಾವತಿ ಎಲ್ಲಿಗೂ ಓಡಿ ಹೋಗಂಗಿಲ್ಲ.

2019ರ ಜನವರಿ 21ಕ್ಕ ಕಾರವಾರದಾಗ ಕೂರ್ಮಗಡ ಜಾತ್ರಿ ಮುಗಿಸ್ಕೊಂಡು ಬರೋ ದೋಣಿ ಮುಗಚಿ 16 ಮಂದಿ ತೀರಿಕೊಂಡ್ರು. ಹಾವೇರಿ ಜಿಲ್ಲೆಯಿಂದ ಹೋದವರು ಅದರಾಗ ಇದ್ರು, ಸಣ್ಣ ಮಕ್ಕಳೂ ಇದ್ರು. ಅವರೂ ನಮ್ಮಂಗ ಒಣಭೂಮಿಯಿಂದ ಖುಷಿಗಂತ ಹೋದವರೇ. ನಮ್ಮ ಕಡಿ ಮಂದಿಗೆ ನೀರಿನ ರೂಢಿ ಇಲ್ಲ. ದೋಣಿ ಯಾವಾಗ ಎದ್ದು ನಿಂದ್ರಬಾರದು, ಯಾವ ಗಾಳಿಗೆ ಹೋಗಬಾರದು, ಒಂದೂ ಗೊತ್ತಿಲ್ಲ. ದೋಣಿಯವ "ಏನೂ ಆಗಲ್ಲ" ಅಂದ್ರ ನಂಬಿ ಹತ್ತಿಬಿಡ್ತೀವಿ.

ಹೊನ್ನಾವರದ ಮಗಳು, ಕಲಬುರಗಿಯ ಸೊಸೆ

ಚಿತ್ತಾಪುರದ ಅಣ್ಣನ ಆತಂಕ ಸುಳ್ಳಲ್ಲ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೂರ್ಮಗಡ ಸಮುದ್ರದೊಳಗಿನ ದ್ವೀಪ. ಅಂದು ದೋಣಿಯಲ್ಲಿ ಮಿತಿ ಮೀರಿ ಜನ ಇದ್ದರು. ಶರಾವತಿಯ ಕಾಂಡ್ಲಾ ಇರುವುದು ನದಿಯ ಒಳಭಾಗದಲ್ಲಿ, ಅಲ್ಲಿ ಅಲೆ ಇಲ್ಲ. ನಾನು ಅಲ್ಲೇ ಹುಟ್ಟಿ ಬೆಳೆದವಳು, ಶಾಲೆಗೆ ಹೋಗುವಾಗ ತಾರಿ ದೋಣಿ ದಾಟಿದವಳು. ನನ್ನ ಮಗನನ್ನು ಮೂರು ವರ್ಷಕ್ಕೆ ಅದೇ ನೀರಿನಲ್ಲಿ ಕರೆದುಕೊಂಡು ಹೋಗಿದ್ದೇನೆ.

ಒಳಭಾಗ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ಹತ್ತಬೇಡಿ. ನಾಲ್ಕು ಮಾತು ನೆನಪಿಡಿ ಮಲ್ಲಿಗೆ. ಬೆಳಿಗ್ಗೆಯೇ ಹೋಗಿ, ಏಳೂವರೆ-ಎಂಟಕ್ಕೆ. ಮಧ್ಯಾಹ್ನವಾದ ಮೇಲೆ ಕಡಲ ಗಾಳಿ ಏಳುತ್ತದೆ, ನೀರು ಕುಣಿಯಲು ಶುರುವಾಗುತ್ತದೆ. ಮೇ ತಿಂಗಳಲ್ಲಿ ಸಂಜೆಗೆ ಗುಡುಗು ಬಂದರೂ ಬಂತು. ಎರಡನೆಯದು, ಅಳಿವೆಯ ಕಡೆ ಹೋಗುವ ದೋಣಿ ಬೇಡ. ಅಳಿವೆ ಅಂದರೆ ನದಿ ಸಮುದ್ರ ಸೇರುವ ಬಾಯಿ. ಅಲ್ಲಿ ಸೆಳೆತ ಜೋರು, ಭರತ ಇಳಿದು ನೀರು ಸಮುದ್ರಕ್ಕೆ ಹಿಂದಿರುಗುವ ಇಳಿತದ ಹೊತ್ತಿನಲ್ಲಿ ಇನ್ನೂ ಜೋರು. "ಸಮುದ್ರದ ತುದಿ ತೋರಿಸ್ತೇನೆ" ಅಂದರೆ ಕೈ ಮುಗಿದು ಬೇಡ ಅನ್ನಿ. ಕೂಸಿಗೆ ಕಾಂಡ್ಲಾ ಬೇರಿನ ಮೇಲಿನ ಏಡಿ ಸಾಕು, ಸಮುದ್ರದ ತುದಿ ಬೇಕಾಗಿಲ್ಲ.

ಮೂರನೆಯದು, ದೋಣಿ ಎಷ್ಟು ಮಂದಿಗೆ ಅಂತ ಅದರ ಮೇಲೆ ಬರೆದಿರಬೇಕು. ಬರೆದಿಲ್ಲ ಅಂದರೆ ಬೇರೆ ದೋಣಿ ನೋಡಿ. ಕಡೆಯದು ಜಾಕೆಟ್, ಅಂದರೆ ನೀರಿಗೆ ಬಿದ್ದರೆ ತೇಲಿಸುವ ಲೈಫ್ ಜಾಕೆಟ್. ನಿಮ್ಮ ಮಗಳ ಅಳತೆಯ ಜಾಕೆಟ್ ಇದ್ದರೆ ಮಾತ್ರ ದೋಣಿ, ಇಲ್ಲ ಅಂದರೆ ದಡದಿಂದಲೇ ವಾಪಸ್ಸು. ದುಡ್ಡು ಕೊಟ್ಟಿದ್ದರೂ ವಾಪಸ್ಸು. ಈ ಮಾತು ಮನೆಯಲ್ಲೇ, ಹೊರಡುವ ಮೊದಲೇ, ಎಲ್ಲರ ಮುಂದೆ ಆಗಬೇಕು. ದಕ್ಕೆಯ ಮೇಲೆ ನಿಂತಾಗ ಮೈದುನ, ಮಾವ, ಅಳುವ ಮಗು, ಹಿಂದೆ ಸಾಲಿನಲ್ಲಿ ಕಾಯುವ ಜನ. ಆಗ ಸೊಸೆಯೊಬ್ಬಳು ಬೇಡ ಅನ್ನುವುದು ಬಹಳ ಕಷ್ಟ.

ಮಲ್ಲಿಗೆ, ಕಲಬುರಗಿ

ಅಕ್ಕಾ, ಕಡೀ ಮಾತು ನನ್ನ ಮನಸ್ಸಿನ್ಯಾಗಿಂದ ತೆಗೆದು ಹೇಳಿದಂಗ ಅದ. ಇವತ್ತು ರಾತ್ರಿನೇ ಊಟಕ್ಕ ಕೂತಾಗ ಮಾತು ತೆಗಿತೀನಿ.

ಇನ್ನೊಂದು ಕೇಳ್ಬೇಕಾಗಿತ್ತು. ಅತ್ತಿ ಅಂತಾರ, "ಜಾಕೆಟ್ ಯಾಕ, ನಿನ್ನ ಸೆರಗಿನ್ಯಾಗ ಹೊಟ್ಟಿಗೆ ಕಟ್ಕೋ. ನಾವು ಹೊಲಕ್ಕ ಹೋಗುವಾಗ ಹಂಗೇ ಕಟ್ಕೊಂಡು ಹೋಗ್ತಿದ್ವಿ." ಹಂಗ ಮಾಡಿದ್ರ ನಡೀತದಾ? ಅಕಿ ಓಡಾಡೋದಾದ್ರೂ ನಿಲ್ತದ ಅಂತ ನನಗೂ ಅನಸ್ತು.

ಮಕ್ಕಳ ವಾರ್ಡಿನ ಸಿಸ್ಟರ್, ಯಾದಗಿರಿ

ಕಟ್ಟಬ್ಯಾಡ್ರಿ! ದಯವಿಟ್ಟು ಕಟ್ಟಬ್ಯಾಡ್ರಿ. ಸೆರಗಿನಿಂದಾಗ್ಲಿ, ಓಢಣಿಯಿಂದಾಗ್ಲಿ, ಕೂಸು ಹೊರೋ ಚೀಲದಾಗಾಗ್ಲಿ, ದೋಣಿ ಹಲಗಿಗಾಗ್ಲಿ. ಹೊಲದಾಗ ಅದು ಸರಿ, ನೀರಿನ್ಯಾಗ ಅಲ್ಲ. ದೋಣಿ ವಾಲಿ ನೀವಿಬ್ಬರೂ ನೀರಿಗೆ ಬಿದ್ರಿ ಅನ್ರಿ. ನಿಮ್ಮ ಜಾಕೆಟ್ ನಿಮ್ಮನ್ನ ಮ್ಯಾಲ ತೇಲಿಸ್ತದ, ಹೊಟ್ಟಿಗೆ ಕಟ್ಟಿದ ಕೂಸಿನ ಮುಖ ನೀರಿನ್ಯಾಗೇ ಉಳೀತದ. ಒದ್ದಿ ಆದ ಗಂಟು ಕೈಗೆ ಬಿಚ್ಚಂಗಿಲ್ಲ. ಕೂಸು ತೊಡಿ ಮ್ಯಾಲ ಬಿಡುವಾಗಿ ಇರಬೇಕು, ಅಕಿ ಜಾಕೆಟ್ ಅಕಿಗೆ, ನಿಮ್ಮದು ನಿಮಗ.

ಜಾಕೆಟ್ ಬಗ್ಗೆ ಸ್ವಲ್ಪ ಉದ್ದಕ್ಕ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅಂಗಿಯಂಗ ವಯಸ್ಸು ನೋಡಿ ತಗೊಳ್ಳೋದಲ್ಲ ಅದು, ತೂಕ ನೋಡಿ ತಗೊಳ್ಳೋದು. ಒಳಗ ಎಷ್ಟು ಕೆಜಿಯಿಂದ ಎಷ್ಟು ಕೆಜಿ ಅಂತ ಅಚ್ಚು ಹಾಕಿರ್ತಾರ. ಮೊದಲು ಮಗಳ ತೂಕ ನೋಡ್ರಿ. ಸಣ್ಣ ಮಕ್ಕಳಿಗೆ ಫೋಮ್ ತುಂಬಿದ್ದೇ ಆಗಬೇಕು, ಗಾಳಿ ತುಂಬೋದು ನಡಿಯಂಗಿಲ್ಲ. ತೋಳಿಗೆ ಹಾಕೋ ಗಾಳಿ ಬಳಿ, ಸೊಂಟದ ಟ್ಯೂಬು ಆಟದ ಸಾಮಾನು, ಜಾಕೆಟ್ ಅಲ್ಲ.

ಸಣ್ಣ ಮಕ್ಕಳ ಜಾಕೆಟ್‌ಗೆ ಮೂರು ವಸ್ತು ಇರಬೇಕು. ತಲಿ ಹಿಂದ ದಪ್ಪ ಕಾಲರ್ರು, ಬೆನ್ನಿನ ಮ್ಯಾಲ ಹಿಡಿದು ಎತ್ತಾಕ ಒಂದು ಹಿಡಿಕಿ, ಎರಡು ಕಾಲಿನ ನಡುವ ಬರೋ ಪಟ್ಟಿ. ಯಾಕಂದ್ರ ಈ ವಯಸ್ಸಿನ ಮಕ್ಕಳಿಗೆ ಮೈಗಿಂತ ತಲಿನೇ ಭಾರ, ನೀರಿಗೆ ಬಿದ್ರ ಮುಖ ಕೆಳಗಾಗ್ತದ. ಕಾಲರ್ರು ತಲಿ ಎತ್ತಿ ಹಿಡೀತದ. ಕಾಲಿನ ಪಟ್ಟಿ ಇಲ್ಲಂದ್ರ ಜಾಕೆಟ್ ಅಷ್ಟೇ ಮ್ಯಾಲ ತೇಲ್ತದ, ಕೂಸು ಅದರೊಳಗಿಂದ ಕೆಳಗ ಜಾರ್ತದ. ದೊಡ್ಡವರ ಜಾಕೆಟ್ ಹಾಕಿದ್ರ ಆಗೋದೂ ಇದೇ.

ಹಾಕಿದ ಮ್ಯಾಲ ಹಿಂಗ ನೋಡ್ರಿ. ಎಲ್ಲಾ ಕ್ಲಿಪ್ ಹಾಕಿ, ಕೂಸಿಗೆ ಎರಡೂ ಕೈ ಮ್ಯಾಲ ಎತ್ತಾಕ ಹೇಳ್ರಿ. ಆಮ್ಯಾಲ ಹೆಗಲ ಹತ್ರ ಜಾಕೆಟ್ ಹಿಡಿದು ಮೆಲ್ಲಕ ಮ್ಯಾಲ ಜಗ್ಗ್ರಿ. ಗದ್ದ ದಾಟಿ ಕಿವಿಗೆ ಬಂತಂದ್ರ ಅದು ನಿಮ್ಮ ಕೂಸಿಂದಲ್ಲ.

ಇನ್ನೊಂದು. ಮುಳುಗೋ ಕೂಸು ಚೀರ್ತದ ಅಂತ ಎಲ್ಲರೂ ತಿಳ್ಕೊಂಡಾರ. ಇಲ್ಲ. ಉಸಿರಿಗೇ ದಾರಿ ಇಲ್ಲದಾಗ ಚೀರಾಕ ಎಲ್ಲಿಂದ ಬರಬೇಕು? ಸದ್ದಿಲ್ಲದ ಮುಳುಗ್ತದ, ಒಂದು ನಿಮಿಷದೊಳಗ. ಅದಕ್ಕ "ಎಲ್ಲರೂ ನೋಡ್ಕೋತೀವಿ" ಅನ್ನೋದು ಬ್ಯಾಡ. ಹತ್ತೋದರಿಂದ ಇಳಿಯೋತನ ಒಂದು ಕೂಸಿಗೆ ಒಬ್ಬ ದೊಡ್ಡವರು ಅಂತ ಗೊತ್ತು ಮಾಡ್ರಿ. ಅವರ ಕೈಯಾಗ ಮೊಬೈಲ್ ಇರಬಾರದು.

ದೇವರ ದಯದಿಂದ ಬ್ಯಾಡ, ಆದ್ರೂ ಹೇಳಿಬಿಡ್ತೀನಿ. ನೀರಿನಿಂದ ತೆಗೆದ ಕೂಸು ಉಸಿರಾಡವಲ್ದು ಅಂದ್ರ ಕಾಲು ಹಿಡಿದು ತಲಿಕೆಳಗ ಮಾಡಿ ತಿರುಗಿಸೋದು, ಹೊಟ್ಟಿ ಒತ್ತಿ ನೀರು ಕಕ್ಕಿಸೋದು ಮಾಡಬ್ಯಾಡ್ರಿ. ಹಂಗ ಮಾಡಿದ್ರ ಹೊಟ್ಟಿಯೊಳಗಿಂದು ಉಸಿರಿನ ಹಾದಿಗೆ ಬರ್ತದ, ಬೆಲೆಯುಳ್ಳ ಹೊತ್ತೂ ಹೋಗ್ತದ. ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಮೊದಲು ಉಸಿರು ಕೊಡೋದು, ಆಮ್ಯಾಲ ಎದಿ ಒತ್ತೋದು, ಇನ್ನೊಬ್ಬರು 108ಕ್ಕ ಫೋನ್ ಮಾಡೋದು. ಯಾರಾದ್ರೂ ತಿಳಿದವರ ಹತ್ರ ಒಮ್ಮೆ ಕೈಯಿಂದ ಮಾಡಿ ಕಲೀರಿ. ಬಾವಿ, ಕಾಲುವಿ ಇರೋ ನಮ್ಮ ಹಳ್ಳಿಗಳಾಗ ಇದು ಎಲ್ಲಾ ತಾಯಂದಿರಿಗೂ ಬರಬೇಕು.

ಕೃಷ್ಣಾ ದಂಡಿ, ಹುಣಸಗಿ

ಸಿಸ್ಟರ್ ಹೇಳಿದ ಕಾಲಿನ ಪಟ್ಟಿ ಮಾತು ಓದಿ ನನಗ ನಮ್ಮ ಕಾಕಾನ ನೆನಪಾತು.

ನಮಗ ಬಾವ್ಯಾಗ ಈಜು ಕಲಿಸುವಾಗ ಬೆನ್ನಿಗೆ ಒಣ ಸೋರಿಬುರುಡಿ ಕಟ್ತಿದ್ದ. ಅಣ್ಣಂದು ದೊಡ್ಡ ಬುರುಡಿ, ನಂದು ಸಣ್ಣದು. ಒಂದಿನ ನನ್ನ ಬುರುಡಿ ಒಡೆದಿತ್ತು. ಅಣ್ಣಂದೇ ಕಟ್ಕೊಂಡು ಜಿಗಿದೆ. ನೀರಿಗೆ ಬಿದ್ದ ಕೂಡಲೇ ಬುರುಡಿ ಸರ್ರಂತ ಮ್ಯಾಲ ಬಂತು, ಹಗ್ಗ ಎದಿಯಿಂದ ಜಾರಿ ಕುತ್ತಿಗಿಗೆ ಬಿತ್ತು. ಬುರುಡಿ ಮ್ಯಾಲ, ನಾನು ಕೆಳಗ. ಕಾಕಾ ಕೂದಲ ಹಿಡಿದು ಎತ್ತಿದ. ಅವತ್ತು ಕಾಕಾ ನನ್ನ ಹೊಡೀಲಿಲ್ಲ. ಮನಿಗೆ ಬಂದು ಒಂದು ಸಣ್ಣ ಬುರುಡಿ ಹುಡುಕಿ, ನಾಲ್ಕು ಸುತ್ತು ಹಗ್ಗ ಹಾಕಿ, ನನ್ನ ಎದಿಗೆ ಕಟ್ಟಿ ಜಗ್ಗಿ ಜಗ್ಗಿ ನೋಡಿದ. ಥೇಟ್ ಸಿಸ್ಟರ್ ಹೇಳಿದಂಗ.

2014ರಾಗ ನಮ್ಮ ಕಡಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿ ಒಬ್ಬಾಕಿ, ದವಾಖಾನಿಗೆ ಹೋಗಾಕ ಬ್ಯಾರೆ ದಾರಿ ಇಲ್ಲದ, ತುಂಬಿದ ಕೃಷ್ಣಾ ನದಿ ಈಜಿ ದಾಟಿದ್ಳು. ಮೈಗೆ ಕಟ್ಕೊಂಡಿದ್ದು ಒಣ ಸೋರಿಬುರುಡಿ, ಖಾಲಿ ಬಾಟ್ಲಿ. ಮನಿ ಗಂಡಸರು ಸುತ್ತ ಈಜ್ತಾ ಬಂದ್ರು. ನದಿ ದಂಡಿ ಮಂದಿ ಯಾವಾಗ್ಲೂ ಮೈಗೆ ಏನರೆ ಕಟ್ಕೊಂಡೇ ನೀರಿಗೆ ಇಳಿದವರು. ಜಾಕೆಟ್ ಹಾಕ್ಕೊಳ್ಳೋದು ಪ್ಯಾಟಿ ಮಂದಿ ಹೆದರಿಕಿ ಅಂತ ಯಾರರೆ ಅಂದ್ರ ಇದನ್ನ ಹೇಳ್ರಿ ಅಕ್ಕಾರ.

ಭಾಲ್ಕಿ ಮಾಸ್ತರ

ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ಮಕ್ಕಳ ಪ್ರವಾಸ ಕರೆದೊಯ್ಯುವ ಜವಾಬ್ದಾರಿ ಹೆಗಲ ಮೇಲಿರುವುದರಿಂದ ಇಂಥ ಸುದ್ದಿಗಳನ್ನು ಬಿಡದೆ ಓದುತ್ತೇನೆ.

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡು ಅಂತಸ್ತಿನ ದೋಣಿ ಮಗುಚಿ 45 ಜನ ತೀರಿಹೋದರು. ಅಂದು ಬಿರುಗಾಳಿ ಇರಲಿಲ್ಲ. ದಡದಲ್ಲಿ ಕಾಡುಪ್ರಾಣಿ ಕಂಡಿತೆಂದು ಜನ ಒಂದೇ ಬದಿಗೆ ಸರಿದರು, ದೋಣಿ ವಾಲಿತು. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಅದು ಊರೊಳಗಿನ ಕೆರೆ. ಮಿತಿಗಿಂತ ಹೆಚ್ಚು ಜನ, ಬಹುತೇಕ ಮಕ್ಕಳಿಗೆ ಜಾಕೆಟ್ ಇಲ್ಲ. ಆ ಸುದ್ದಿ ಓದಿದ ದಿನ ತರಗತಿಯಲ್ಲಿ ಹಾಜರಿ ಕರೆಯುವಾಗ ನನಗೆ ಧ್ವನಿ ಹೊರಡಲಿಲ್ಲ.

ಮಲ್ಲಿಗೆಯವರೇ, ನಿಮ್ಮ ಅತ್ತೆಯವರಿಗೆ ನದಿಗೆ ಉಡಿ ತುಂಬುವ ಆಸೆ ಇರಬಹುದು. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳು ನೀರು ಕಂಡರೆ ಕುಪ್ಪಸ, ಅರಿಷಿಣ-ಕುಂಕುಮ, ಕಾಯಿ ಇಲ್ಲದೆ ಕೈ ಬೀಸಿಕೊಂಡು ಬರುವವರಲ್ಲ. ಅದನ್ನು ದಡದಲ್ಲೇ ಮುಗಿಸಿ. ನಡುನೀರಿನಲ್ಲಿ ಅವರು ಬಾಗಿದರೆ ಕೈ ಹಿಡಿಯಲು ಇಬ್ಬರು ಏಳುತ್ತಾರೆ, ಫೋಟೋ ತೆಗೆಯಲು ಇನ್ನಿಬ್ಬರು ಅದೇ ಬದಿಗೆ ಬರುತ್ತಾರೆ. ಎರಡಂತಸ್ತಿನ ದೋಣಿಯಾದರೆ ಮೇಲಿನ ಮಹಡಿಗೆ ಮಗುವನ್ನು ಒಯ್ಯಬೇಡಿ. ಕೆಳಗೆ, ನಡುವೆ, ಕುಳಿತೇ ಇರಿ.

ಬೀದರ್ ಕೋಟೆ

ನಾನೂ ಎರಡು ಮಕ್ಕಳ ತಾಯಿ, ಸುಮ್ನ ಓದ್ಲಾಕತ್ತಿದ್ದೆ. ವಾಂತಿ ಬಗ್ಗೆ ಯಾರೂ ಹೇಳಿಲ್ಲಲ್ರಿ. ನನ್ನ ಸಣ್ಣವ ಹುಮನಾಬಾದ್ ದಾಟೂದ್ರಾಗ ಬಸ್ಸಿನ್ಯಾಗೇ ಕಕ್ತಾನ. ದೋಣ್ಯಾಗ ಹ್ಯಾಂಗ?

ಮಕ್ಕಳ ವಾರ್ಡಿನ ಸಿಸ್ಟರ್, ಯಾದಗಿರಿ

ಎರಡು ವರ್ಷದಿಂದ ಹನ್ನೆರಡು ವರ್ಷದ ಮಕ್ಕಳಿಗೇ ಇದರ ಕಾಟ ಹೆಚ್ಚು. ಹೊಟ್ಟಿ ಬಿರಿಯಂಗ ಉಣಿಸಬ್ಯಾಡ್ರಿ, ಪೂರಾ ಖಾಲಿನೂ ಬ್ಯಾಡ. ಒಂದು ಇಡ್ಲಿ, ಇಲ್ಲಾ ಸ್ವಲ್ಪ ಚುರುಮುರಿ ಸಾಕು. ಇಂಜಿನ್ ಹತ್ರ ಕೂಡಬ್ಯಾಡ್ರಿ, ಡೀಸೆಲ್ ವಾಸನಿಗೇ ಅರ್ಧ ವಾಂತಿ ಬರ್ತದ. ಮೊಬೈಲ್ ತೋರಿಸೋ ಬದಲಿ ದೂರದ ಗುಡ್ಡ, ಗಿಡ ತೋರಿಸ್ರಿ. ದೊಡ್ಡವರಿಗೆ ತಂದ ವಾಂತಿ ಗುಳಿಗಿ ಮುರಿದು ಅರ್ಧ ಕೊಡೋದು ಮಾತ್ರ ಮಾಡಬ್ಯಾಡ್ರಿ. ಅಂಥ ಕೆಲವು ಗುಳಿಗ್ಯಾಗ ಬರೋ ಪ್ರೊಮೆಥಜಿನ್ ಅನ್ನೋ ಔಷಧ ಎರಡು ವರ್ಷದ ಒಳಗಿನ ಮಕ್ಕಳಿಗೆ ಕೊಡೋಹಂಗೇ ಇಲ್ಲ, ಉಸಿರಿಗೆ ತ್ರಾಸ ಆಗ್ತದ. ದೊಡ್ಡ ಮಕ್ಕಳಿಗೂ ತೂಕ ನೋಡಿ ಡಾಕ್ಟರ್ ಬರೆದಷ್ಟೇ.

ಮತ್ತ ಬಿಸಿಲು. ನಮ್ಮ ಬಿಸಿಲು ಒಣದು, ಬೆವರು ಅಲ್ಲೇ ಆರ್ತದ. ಕರಾವಳ್ಯಾಗ ಬೆವರು ಇಳೀತಾನೇ ಇರ್ತದ. ಓಆರ್‌ಎಸ್ ಪುಡಿ ಚೀಲದಾಗ ಇರ್ಲಿ. ತೆಳ್ಳನ ಹತ್ತಿ ಅಂಗಿ ಹಾಕಿ ಅದರ ಮ್ಯಾಲ ಜಾಕೆಟ್, ತಲಿಗೆ ಗದ್ದದ ಕೆಳಗ ದಾರ ಇರೋ ಟೊಪ್ಪಿಗಿ.

ಮಲ್ಲಿಗೆ, ಕಲಬುರಗಿ

ಏನೇನು ಆತು ಹೇಳ್ತೀನ್ರಿ. ಕಿರಾಣಿ ಅಂಗಡಿ ಕಾಟಾದ ಮ್ಯಾಲ ನಿಂದ್ರಿಸಿ ತೂಗಿಸಿದೆ, 12 ಕೆಜಿ 400 ಗ್ರಾಂ. ಆ ತೂಕಕ್ಕ ಕಲಬುರಗಿ ಅಂಗಡ್ಯಾಗ ಎಲ್ಲೂ ಸಿಗಲಿಲ್ಲ, ಆನ್‌ಲೈನ್ ತರಿಸಿದೆ. ಕೇಸರಿ ಬಣ್ಣದ್ದು, ಕಾಲರ್ರು, ಹಿಡಿಕಿ, ಕಾಲಿನ ಪಟ್ಟಿ ಎಲ್ಲಾ ಅದ. ಮೊದಲ ದಿನ ಹಾಕಿದ್ರ ನೆಲಕ್ಕ ಬಿದ್ದು ಅತ್ಳು. ಎರಡನೇ ದಿನ ನಾನೂ ಒಂದು ದಿಂಬು ಎದಿಗೆ ಕಟ್ಕೊಂಡು ಅಕಿ ಜೋಡಿ ಪಡಸಾಲ್ಯಾಗ ಕೂತೆ, ಮಾವ ಅಂಬಿಗ ಆಗಿ ಕೋಲು ಹಿಡಿದ್ರು. ಈಗ ತಾನೇ ತಂದು "ದೋನಿ, ದೋನಿ" ಅಂತಾಳ. ಕ್ಲಿಪ್ ಸದ್ದು ಕೇಳಿದ್ರ ಕೈ ಮ್ಯಾಲ ಎತ್ತೋದು ರೂಢಿ ಆಗ್ಯದ.

ಮನಿಯವರೂ ಒಪ್ಪ್ಯಾರ. ನಾನು ಬ್ಯಾಡ ಅಂದ್ರ ಬ್ಯಾಡ ಅಂತ ಅತ್ತಿ ಮುಂದನೇ ಮಾತು ಆಗ್ಯದ.

ತೊಗರಿ ಹೊಲ, ಚಿತ್ತಾಪುರ

ನನ್ನ ಮಾತು ಬದಲಾಗಿಲ್ಲ ತಂಗಿ, ನಾನಾಗಿದ್ರ ಇನ್ನೂ ಎರಡು ವರ್ಷ ಕಾಯ್ತಿದ್ದೆ. ಆದ್ರ ಇಷ್ಟು ತಯಾರಿ ಮಾಡ್ಕೊಂಡು ಹೊಂಟವರಿಗೆ ಬ್ಯಾಡ ಅನ್ನೋದಕ್ಕ ನನಗೂ ಬಾಯಿ ಬರವಲ್ದು. ಸುಖವಾಗಿ ಹೋಗಿ ಬರ್ರಿ, ಬಂದ ಮ್ಯಾಲ ಒಂದು ಮಾತು ಬರೀರಿ.

ಮಲ್ಲಿಗೆ, ಕಲಬುರಗಿ (ಹದಿಮೂರು ದಿನದ ಮ್ಯಾಲ)

ನಿನ್ನಿ ಮುಂಜಾನಿ ಬಂದೀವ್ರಿ. ಎಲ್ಲರೂ ಆರಾಮ ಇದ್ದೀವಿ. ಚಿತ್ತಾಪುರದ ಅಣ್ಣಾರ, ನಿಮ್ಮ ಸಲುವಾಗಿನೇ ಮೊದಲು ಇದನ್ನ ಬರ್ದೆ.

ಮೊದಲ ದಿನ ನಾವು ಹೋದ ಜಾಗದ ಹೆಸರು ಬರಿಯಂಗಿಲ್ಲ. ದೋಣಿ ಚಲೋ ಇತ್ತು, ಮಂದಿನೂ ಮಿತಿಯೊಳಗೇ ಇದ್ರು. ನನ್ನ ಮಗಳಿಗೆ ಅಕಿ ಜಾಕೆಟ್ ಹಾಕಿದೆ. ಎಲ್ಲಾ ಸರಿ ಅಂತ ಕಾಲು ಇಡೋದ್ರಾಗ ನೆಗೆಣ್ಣಿ ಮಗನ ಕಡಿ ನೋಡಿದೆ. ಏಳು ವರ್ಷದವಗ ದೊಡ್ಡವರ ಜಾಕೆಟ್ ಹಾಕಿದ್ರು, ಮೊಳಕಾಲಿಗೆ ಬಂದಿತ್ತು. ಕೈ ಎತ್ತಾಕ ಹೇಳಿ ಹೆಗಲ ಹಿಡಿದು ಜಗ್ಗಿದೆ. ಅವನ ಮುಖಾನೇ ಮುಚ್ಚಿ ಹೋತು, ಕಣ್ಣಷ್ಟೇ ಕಾಣ್ತಿತ್ತು.

ಇಷ್ಟು ದಿನ ನನ್ನ ಮಗಳ ತೂಕ, ನನ್ನ ಮಗಳ ಅಳತಿ ಅಂತ ಕುಣಿದೆ. ಅವನೂ ನಮ್ಮ ಮನಿ ಕೂಸೇ, ಅವನ ಜಾಕೆಟ್ ಬಗ್ಗೆ ನನಗ ಹೊಳಿಲೇ ಇಲ್ಲ. ಈಗ ಬರೀವಾಗನೂ ಹೊಟ್ಟ್ಯಾಗ ಸಂಕಟ ಆಗ್ತದ. ಸಣ್ಣ ಸೈಜ್ ಅದಾವೇನ್ರಿ ಅಂತ ಕೇಳಿದ್ರ, "ಇದರಾಗೇ ದಿನಾ ಮಕ್ಕಳು ಹೋಗ್ತಾವ" ಅಂದ್ರು. ನಾನು ಏನೂ ಮಾತಾಡ್ಲಿಲ್ಲ, ನಮ್ಮ ಮನಿಯವರ ಮುಖ ನೋಡಿದೆ. ಅವರೇ ಅಂದ್ರು, "ಇಳೀರಿ ಎಲ್ಲರೂ." ಮೈದುನಗ ಸಿಟ್ಟು ಬಂತು, ಹುಡುಗ ಅತ್ತ, ಅವನ್ನ ನೋಡಿ ಮಗಳೂ ಅತ್ಳು. ರೊಕ್ಕ ವಾಪಸ್ ಕೊಡ್ಲಿಲ್ಲ. ಆ ದಿನ ಊಟದಾಗ ಯಾರೂ ಹೆಚ್ಚು ಮಾತಾಡ್ಲಿಲ್ಲ.

ರಾತ್ರಿ ಹೊನ್ನಾವರದ ಅಕ್ಕಾಗ ಮೆಸೇಜ್ ಮಾಡಿದೆ. ಹೊರಡೋಕಿಂತ ಮೊದಲು ಫೋನಿನ್ಯಾಗೇ ಸೈಜ್ ಕೇಳು ಅಂದ್ರು. ನಾಲ್ಕು ಕಡಿ ಕೇಳಿದೆ, ಒಬ್ಬರು "ಹುಡುಗನ ತೂಕ ಎಷ್ಟು?" ಅಂತ ತಿರುಗಿ ಕೇಳಿದ್ರು. ಮರುದಿನ ಮುಂಜಾನಿ ಅಲ್ಲಿಗೇ ಹೋದ್ವಿ. ಅತ್ತಿ ದಂಡಿ ಮ್ಯಾಲೇ ಶರಾವತಿಗೆ ಉಡಿ ತುಂಬಿದ್ರು. ದೋಣಿಯವರು ಹುಡುಗಗ ಅಳತಿ ಜಾಕೆಟ್ ಹಾಕಿ, ತಾವೇ ಹೆಗಲ ಹಿಡಿದು ಜಗ್ಗಿ ನೋಡಿದ್ರು. ಮೈದುನ ನನ್ನ ಕಡಿ ನೋಡಿ ಗೋಣು ಹಾಕಿದ.

ನೀರು ಎಣ್ಣಿ ಸುರಿದಂಗ ಸುಮ್ನಿತ್ತು. ಕಾಂಡ್ಲಾ ಬೇರು ನೀರಿನಿಂದ ಬೆರಳು ಬೆರಳಾಗಿ ಮ್ಯಾಲ ಬಂದಾವ, ಅದರ ಮ್ಯಾಲ ಕೆಂಪು ಏಡಿ. ಮಗಳು ನನ್ನ ಹೆಬ್ಬೆರಳು ಹಿಡಿದು ಒಂದು ಮಾತಿಲ್ಲದ ನೋಡಿದ್ಳು. ಆಮ್ಯಾಲ ಶರಾವತಿ ಸೇತುವಿ ಮ್ಯಾಲ ರೈಲು ಬಂತು. ಎರಡು ಕಿಲೋಮೀಟರ್‌ಗಿಂತ ಉದ್ದ ಸೇತುವಿ ಅದು, ರೈಲು ಹೋಗ್ತಾನೇ ಇತ್ತು, ಅಕಿ ಟಾಟಾ ಮಾಡ್ತಾನೇ ಇದ್ಳು. ಕಡೀ ಡಬ್ಬಿ ಹೋದ ಮ್ಯಾಲ ಎದ್ದು ನಿಂದ್ರಾಕ ನೋಡಿದ್ಳು, ಬೆನ್ನಿನ ಹಿಡಿಕಿ ನನ್ನ ಕೈಯಾಗೇ ಇತ್ತು. ಮೂವತ್ತೈದು ನಿಮಿಷಕ್ಕ ರಂಪ ಶುರು ಮಾಡಿದ್ಳು. ದೋಣಿಯವರು ತಾವೇ "ಸಾಕು, ಕೂಸಿಗೆ ಬೇಸರ ಬಂದಿದೆ" ಅಂತ ತಿರುಗಿಸಿದ್ರು. ಸಣ್ಣ ಮಕ್ಕಳಿಗೆ ಅರ್ಧ ತಾಸು ಸಾಕ್ರಿ, ಪೂರಾ ತಾಸು ಮಾತಾಡಬ್ಯಾಡ್ರಿ.

ಹೊನ್ನಾವರದ ಮಗಳು, ಕಲಬುರಗಿಯ ಸೊಸೆ

ದುಡ್ಡು ಹೋದರೂ ಇಳಿದಿರಲ್ಲ, ಅದನ್ನು ಓದಿ ಕಣ್ಣು ತುಂಬಿತು. ಆ ಹುಡುಗನ ಮುಖ ಜಾಕೆಟ್ಟಿನೊಳಗೆ ಮುಚ್ಚಿದ್ದನ್ನು ನೀವು ದಡದಲ್ಲೇ ನೋಡಿದಿರಿ.

ತೊಗರಿ ಹೊಲ, ಚಿತ್ತಾಪುರ

ಬಂದು ಮುಟ್ಟಿದ್ದು ಓದಿ ಸಮಾಧಾನ ಆತು ತಂಗಿ. ನಿಮ್ಮ ಮನಿಯವರಿಗೆ ನನ್ನ ನಮಸ್ಕಾರ ತಿಳಿಸ್ರಿ.

ಬೀದರ್ ಕೋಟೆ

ಮಲ್ಲಿಗೆ ಅಕ್ಕಾ, ಮುಂದಿನ ವಾರ ನಾವು ಹೈದರಾಬಾದ್‌ಗೆ ಹೊಂಟೀವಿ, ಹುಸೇನ್ ಸಾಗರದಾಗ ಬುದ್ಧನ ಮೂರ್ತಿತನ ದೋಣ್ಯಾಗ ಹೋಗ್ಬೇಕಂತ ಮಕ್ಕಳ ಹಟ. ಸಣ್ಣವ 13 ಕೆಜಿ ಅದಾನ. ಆ ಕೇಸರಿ ಜಾಕೆಟ್ ಒಂದು ವಾರದ ಮಟ್ಟಿಗೆ ಕೊಡ್ತೀರೇನ್ರಿ? ನಮ್ಮ ತಮ್ಮ ರವಿವಾರ ಕಲಬುರಗಿಗೆ ಬರಾವ ಅದಾನ. ದೊಡ್ಡವಂದು ನಾನು ಇವತ್ತೇ ತರಿಸ್ತೀನಿ.

ಮಲ್ಲಿಗೆ, ಕಲಬುರಗಿ

ತಮ್ಮಗ ಕಳಸ್ರಿ, ಸೂಪರ್ ಮಾರ್ಕೆಟ್ ಬಸ್ ಸ್ಟಾಪಿಗೆ ನಮ್ಮ ಮನಿಯವರು ತಂದು ಕೊಡ್ತಾರ. ಉಪ್ಪು ನೀರು ತಾಗಿತ್ತು, ಸಿಹಿನೀರಿನ್ಯಾಗ ತೊಳೆದು ನೆರಳಿಗೆ ಹಾಕೀನಿ, ರವಿವಾರದೊಳಗ ಆರ್ತದ. ಒಳಗ 15 ಕೆಜಿತನ ಅಂತ ಬರ್ದದ, ನಿಮ್ಮವಗ ಆಗ್ತದ, ಆದ್ರೂ ಮನ್ಯಾಗ ಕೈ ಎತ್ತಿಸಿ ಜಗ್ಗಿ ನೋಡ್ರಿ. ಕಾಲಿನ ಪಟ್ಟಿ ಕ್ಲಿಪ್ ಸ್ವಲ್ಪ ಬಿರುಸು ಅದ, ಎರಡೂ ಬದಿ ಕೂಡೇ ಒತ್ತಿದ್ರ ಬಿಚ್ಚತದ.